ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದಿದ್ದರೆ: ಮಲೆನಾಡಿನ ಕ್ಲಿನಿಕ್‌ಗೊಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಕಿತ್ತ ಹಲ್ಲಿನಿಂದ ರಕ್ತ ಬಂದರೆ ಗಾಬರಿಯೇನಿಲ್ಲ. ಪೇಷೆಂಟ್ ಇನ್ನೂ ಪೇಟೆಯಲ್ಲೇ ಇರುತ್ತಾರೆ, ಕರೆದರೆ ಬರುತ್ತಾರೆ. ಸಂಜೆ ಐದಕ್ಕೆ ಕಿತ್ತು, ಅವರು ಕೊನೆ ಬಸ್ಸು ಹತ್ತಿ ನಗರ, ನಿಟ್ಟೂರಿನ ಕಡೆ ಹೋಗಿ, ರಾತ್ರಿ ಹನ್ನೊಂದಕ್ಕೆ "ನಿಲ್ತಾನೇ ಇಲ್ಲ ಡಾಕ್ಟ್ರೇ" ಅಂತ ಫೋನ್ ಮಾಡಿದರೆ ಕಷ್ಟ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ರಕ್ತಸ್ರಾವ ನಿಭಾಯಿಸುವ ಕೆಲಸದಲ್ಲಿ ಹೆಚ್ಚಿನದೆಲ್ಲ ಫೋರ್ಸೆಪ್ಸ್ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ತೀರ್ಥಹಳ್ಳಿ, ಸಾಗರ, ಸೊರಬದಂಥ ಊರುಗಳಲ್ಲಿ ಹೊಸದಾಗಿ ಕ್ಲಿನಿಕ್ ಇಟ್ಟಿರುವ ದಂತವೈದ್ಯರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯವರಿಗೆ ಬೇಕಾದ ಭಾಗವೂ ಒಂದಿದೆ. ಅದನ್ನು ಹಾಗೇ ಓದಿ ಹೇಳಬಹುದು.

ಸಹಜ ಯಾವುದು, ಅಸಹಜ ಯಾವುದು

ಮೊದಲ ಒಂದು ದಿನ ಆಗಾಗ ಸ್ವಲ್ಪ ಜಿನುಗುವುದು ಸಹಜ. ಒಂದೆರಡು ಹನಿ ರಕ್ತ ಸಾಕು, ಬಾಯಿ ತುಂಬಿದ ಎಂಜಲೆಲ್ಲ ಕೆಂಪಾಗುತ್ತದೆ. ನೋಡಿದವರಿಗೆ ಅದೆಲ್ಲ ರಕ್ತವೇ. ಫೋನಲ್ಲಿ "ಬಹಳ ಬರ್ತಿದೆ" ಅಂದರೆ, ಎಂಜಲು ಕೆಂಪಾಗಿದೆಯಾ, ಇಲ್ಲ ಬಾಯಿಂದ ರಕ್ತವೇ ಇಳಿಯುತ್ತಿದೆಯಾ ಅಂತ ಕೇಳಿ. ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿದ ಮೇಲೂ ಹೊಸ ರಕ್ತ ತುಂಬಿಕೊಂಡು ಬಂದರೆ ಅದು ಅಸಹಜ.

ಸಮಯ ನೋಡಿದರೆ ಕಾರಣದ ಸುಳಿವೂ ಸಿಗುತ್ತದೆ. ಕೀಳುತ್ತಿರುವಾಗಲೇ ಜಾಸ್ತಿ ಬಂದರೆ ಗಾಯ ಅಥವಾ ಊತದ ಕೆಂಪು ಮಾಂಸ ಕಾರಣ. ಎರಡು ಮೂರು ಗಂಟೆ ಬಿಟ್ಟು ಶುರುವಾದರೆ, ಹೆಚ್ಚಾಗಿ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ರಕ್ತನಾಳ ಕುಗ್ಗಿಸಲು ಸೇರಿಸಿದ ಅಡ್ರಿನಲಿನ್ ಪ್ರಭಾವ ಇಳಿದು ರಕ್ತನಾಳ ಮತ್ತೆ ಅಗಲವಾಗಿದೆ ಎಂದರ್ಥ. ವಾರ, ಹತ್ತು ದಿನ ಬಿಟ್ಟು ಬಂದರೆ ಸೋಂಕು.

1. ಕೇಳುವುದು

"ರಕ್ತದ ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದರೆ ಎಲ್ಲರೂ "ಇಲ್ಲ" ಎನ್ನುತ್ತಾರೆ. ಹೊಸನಗರದ ಕಡೆಯ ಅಜ್ಜಿಯೊಬ್ಬರು "ಬಿಪಿ ಮಾತ್ರೆ ಒಂದೇ ಮಾರಾಯ್ರೆ, ಬೇರೆ ಏನಿಲ್ಲ" ಅಂದರು. ಸೊಸೆ ಪ್ಲಾಸ್ಟಿಕ್ ಕವರನ್ನು ಟೇಬಲ್ ಮೇಲೆ ಸುರಿದರು. ಬಿಪಿ ಮಾತ್ರೆ ಇತ್ತು, ಇಕೋಸ್ಪ್ರಿನ್ (ಆಸ್ಪಿರಿನ್) ಇತ್ತು, ಕಾಗದದಲ್ಲಿ ಸುತ್ತಿಟ್ಟ ಅರ್ಧರ್ಧ ಮಾತ್ರೆಗಳೂ ಇದ್ದವು. ಆ ಅರ್ಧ ಮಾತ್ರೆ ಅಸಿಟ್ರೋಮ್, ರಕ್ತ ತೆಳು ಮಾಡುವ ಔಷಧಿ. "ಅದು ವಾಲ್ವ್ ಆಪರೇಷನ್ ಆದಾಗಿಂದ ತಗೊಳ್ತಿರೋದು, ಮಾಮೂಲಿ" ಅಂದರು ಅಜ್ಜಿ. ವರ್ಷಗಟ್ಟಲೆ ನುಂಗಿದ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಅದಕ್ಕೇ ಅಪಾಯಿಂಟ್‌ಮೆಂಟ್ ಕೊಡುವಾಗಲೇ "ಮನೇಲಿರೋ ಮಾತ್ರೆ ಕವರ್ ಪೂರ್ತಿ ತನ್ನಿ, ಡಾಕ್ಟರ ಚೀಟಿನೂ ತನ್ನಿ" ಎಂದು ಹೇಳಬೇಕು.

ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಇದು: ಹಿಂದೆ ಹಲ್ಲು ಕೀಳಿಸಿದಾಗ ಎಷ್ಟು ಹೊತ್ತು ರಕ್ತ ಬಂತು, ಮತ್ತೆ ಡಾಕ್ಟರ ಹತ್ತಿರ ಓಡಬೇಕಾಯಿತಾ? ಎರಡು ಮೂರು ಹಲ್ಲು ಕೀಳಿಸಿಯೂ ಏನೂ ಆಗದವರಿಗೆ ಹುಟ್ಟಿನಿಂದ ಬಂದ ದೊಡ್ಡ ರಕ್ತದ ಕಾಯಿಲೆ ಇರುವ ಸಂಭವ ಬಹಳ ಕಡಿಮೆ. ಕತ್ತಿ ತಾಗಿದರೆ ಬೇಗ ನಿಲ್ಲುತ್ತದಾ, ಮೂಗಿನಲ್ಲಿ ಸುಮ್ ಸುಮ್ನೆ ರಕ್ತ ಬರುತ್ತದಾ, ಮೈ ಮೇಲೆ ತಾನಾಗಿ ನೀಲಿ ಕಟ್ಟುತ್ತದಾ ಎಂದು ಕೇಳಿ. ಹೆಂಗಸರಿಗೆ ಮುಟ್ಟು ಏಳು ದಿನಕ್ಕಿಂತ ಜಾಸ್ತಿ ಹೋಗುತ್ತದಾ, ಹೆರಿಗೆಯಲ್ಲಿ ರಕ್ತ ಕೊಡಬೇಕಾಯಿತಾ ಎಂದೂ ಕೇಳಿ. ಹುಟ್ಟಿನಿಂದ ಬರುವ, ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಹಲವರಲ್ಲಿ ಮೊದಲು ಸಿಕ್ಕಿಬೀಳುವುದೇ ಇಲ್ಲಿ. ಗಂಡು ಹುಡುಗರಾದರೆ ಸೋದರಮಾವಂದಿರ ಬಗ್ಗೆ ವಿಚಾರಿಸಿ. ರಕ್ತ ಹೆಪ್ಪುಗಟ್ಟದ ಇನ್ನೊಂದು ಕಾಯಿಲೆ ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. "ಮಾವನಿಗೆ ಮಂಡಿ ಊದ್ಕೊಳ್ತಿತ್ತು, ಚಿಕ್ಕ ವಯಸ್ಸಲ್ಲೇ ಹೋದ" ಎಂಬ ಮಾತು ಬಂದರೆ ಕುರ್ಚಿಯಿಂದ ಇಳಿಸಿ, ಮೊದಲು ರಕ್ತ ಪರೀಕ್ಷೆ.

ಕುಡಿತ, ಜಾಂಡೀಸ್, ಡಯಾಲಿಸಿಸ್ ಬಗ್ಗೆಯೂ ಕೇಳಲೇಬೇಕು. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವು ತಯಾರಾಗುವುದು ಲಿವರಿನಲ್ಲಿ. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ, ಹಾಗಾಗಿ ಮಾರನೇ ದಿನ ಕೀಳುವುದು ಒಳ್ಳೆಯದು.

2. ನೋಡುವುದು

ಹಲ್ಲಿನ ಬುಡದಲ್ಲಿ ಕಲ್ಲು ಕಟ್ಟಿದ್ದರೆ ಒಸಡಿನ ರಕ್ತಕ್ಕೆ ಕಾರಣ ಕಣ್ಣೆದುರೇ ಇದೆ. ಕಲ್ಲೇ ಇಲ್ಲ, ಆದರೂ ಒಸಡು ಮುಟ್ಟಿದರೆ ಸುರಿಯುತ್ತದೆ, ಅಂಗುಳಲ್ಲಿ ಸಾಸಿವೆ ಗಾತ್ರದ ಕೆಂಪು ಚುಕ್ಕೆ, ಮುಖ ಬಿಳಿಚಿದೆ, ಒಸಡು ಊದಿದೆ. ಇಂಥವರಿಗೆ ಕ್ಲೀನಿಂಗ್ ಕೂಡ ಮಾಡಬೇಡಿ, ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ಕಳಿಸಿ. ಬ್ಲಡ್ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.

ಅಡಿಕೆ, ಗುಟ್ಕಾ ಅಗಿದು ಬಾಯಿ ಬಿಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎರಡು ಬೆರಳು ಹೋಗದ ಬಾಯಲ್ಲಿ ಹಿಂದಿನ ದವಡೆ ಹಲ್ಲಿಗೆ ಹೊಲಿಗೆ ಹಾಕುವುದು ಹೇಗೆ ಎಂದು ಕೀಳುವ ಮೊದಲೇ ಯೋಚಿಸಿ. ಬಿಪಿ ನೋಡದೆ ಕೀಳಬೇಡಿ. ಬಿಪಿ ಏರಿದ್ದರೆ ಎಷ್ಟು ಒತ್ತಿದರೂ ಜಿನುಗುತ್ತಲೇ ಇರುತ್ತದೆ.

3. ಪರೀಕ್ಷೆ: ಬಿಟಿ ಸಿಟಿ ಚೀಟಿ ಸಾಲದು

ಎಷ್ಟೋ ಕಡೆ ಇವತ್ತಿಗೂ ಬಿಟಿ ಸಿಟಿ (ರಕ್ತ ನಿಲ್ಲಲು, ಹೆಪ್ಪುಗಟ್ಟಲು ಹಿಡಿಯುವ ಸಮಯ) ಬರೆಸಿ, ನಾರ್ಮಲ್ ಎಂದು ಬಂದರೆ ಕಿತ್ತುಬಿಡುತ್ತಾರೆ. ಬೆರಳ ತುದಿ ಚುಚ್ಚಿ ನೋಡುವ ಆ ಪರೀಕ್ಷೆ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ರಕ್ತ ಹೋದೀತು ಎಂದು ಹೇಳುವುದಿಲ್ಲ. ಹಗುರವಾದ ಹಿಮೋಫಿಲಿಯಾ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅನುಮಾನ ಇದ್ದರೆ ಪ್ಲೇಟ್‌ಲೆಟ್ ಸಮೇತ ಸಿಬಿಸಿ, ಪಿಟಿ ಐಎನ್‌ಆರ್, ಎಪಿಟಿಟಿ ಮೂರನ್ನೂ ಬರೆಸಿ. ಕೊನೆಯ ಎರಡು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುತ್ತವೆ. ತಾಲೂಕಿನ ಲ್ಯಾಬಿನಲ್ಲಿ ಎಪಿಟಿಟಿ ಇಲ್ಲದಿದ್ದರೆ ಶಿವಮೊಗ್ಗದಲ್ಲಿ ಮಾಡಿಸಲು ಹೇಳಿ.

ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದರೆ ಹೊಲಿಗೆ, ಪ್ಯಾಕ್ ಹಾಕಿ ಸಾದಾ ಹಲ್ಲು ಕೀಳಬಹುದು. ಅದಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಯಲ್ಲೇ ಆಗಬೇಕು. ಮೂರೂ ನಾರ್ಮಲ್ ಬಂದರೂ ಹಳೆಯ ಕಥೆ ಅನುಮಾನ ಹುಟ್ಟಿಸುವಂತಿದ್ದರೆ ಕಥೆಯನ್ನೇ ನಂಬಿ. ವಾನ್ ವಿಲ್ಲೆಬ್ರಾಂಡ್ ಇರುವವರಲ್ಲಿ ಮೂರೂ ಸರಿಯಾಗಿಯೇ ಬರಬಹುದು.

4. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕಾ?

ಹೆಚ್ಚಿನವರಿಗೆ ಬೇಡ. ಪೇಷೆಂಟ್ ತಾವಾಗಿಯೇ ಐದು ದಿನ ನಿಲ್ಲಿಸಿ ಬಂದಿರುತ್ತಾರೆ, "ಪಕ್ಕದ ಮನೆಯವ್ರು ಹೇಳಿದ್ರು" ಎನ್ನುತ್ತಾರೆ. ಇದು ಅಪಾಯ. ಹಲ್ಲಿನ ಗುಳಿಯ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಸ್ಟೆಂಟ್ ಒಳಗೋ ಕೃತಕ ವಾಲ್ವಿನ ಮೇಲೋ ಹೆಪ್ಪು ಕಟ್ಟಿದರೆ ಜೀವಕ್ಕೇ ಬರುತ್ತದೆ.

ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್: ಒಂದೇ ಇರಲಿ, ಎರಡೂ ಇರಲಿ, ನಿಲ್ಲಿಸುವುದು ಬೇಡ. ಎರಡೂ ಇದ್ದರೆ ಜಿನುಗು ಜಾಸ್ತಿ, ಅಷ್ಟೆ. ಆಸ್ಪಿರಿನ್ ಪ್ರಭಾವ ಪ್ಲೇಟ್‌ಲೆಟ್ ಬದುಕಿರುವ ತನಕ, ಅಂದರೆ ಏಳರಿಂದ ಹತ್ತು ದಿನ ಇರುತ್ತದೆ. ಹಿಂದಿನ ದಿನ ಬಿಟ್ಟು ಬಂದರೆ ಲಾಭವೇ ಇಲ್ಲ.

ಅಸಿಟ್ರೋಮ್, ವಾರ್ಫರಿನ್: ಕೀಳುವ ಮುಂಚಿನ 24 ಗಂಟೆಯೊಳಗಿನ ಐಎನ್‌ಆರ್ ಬೇಕು. ತಿಂಗಳ ಹಿಂದಿನ ಚೀಟಿ ಲೆಕ್ಕಕ್ಕಿಲ್ಲ. ಅಂಕಿ ಏರಿದಷ್ಟೂ ರಕ್ತ ತೆಳು ಎಂದರ್ಥ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ 4ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ನಿಲ್ಲಿಸದೆ ಕೀಳಬಹುದು. ದೊಡ್ಡಾಸ್ಪತ್ರೆ ದೂರ ಇರುವ ನಮ್ಮಂಥ ಕಡೆ 3.5ಕ್ಕೇ ಗೆರೆ ಎಳೆಯುವುದು ಮೇಲು ಎಂದು ನನಗನ್ನಿಸುತ್ತದೆ. ಜಾಸ್ತಿ ಇದ್ದರೆ ಮಾತ್ರೆ ಕೊಟ್ಟ ಡಾಕ್ಟರಿಗೆ ನೀವೇ ಫೋನ್ ಮಾಡಿ. ಪೇಷೆಂಟ್ ಬಾಯಲ್ಲಿ ಹೇಳಿ ಕಳಿಸಿದರೆ ಮಾತು ದಾರಿಯಲ್ಲೇ ಬದಲಾಗಿರುತ್ತದೆ.

ಎಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್: ಇವುಗಳ ಪ್ರಭಾವವನ್ನು ಐಎನ್‌ಆರ್ ತೋರಿಸುವುದಿಲ್ಲ. ಒಂದೆರಡು ಸಾದಾ ಹಲ್ಲಿಗೆ ನಿಲ್ಲಿಸಬೇಕಿಲ್ಲ. ದೊಡ್ಡ ಕೆಲಸವಾದರೆ ಬೆಳಗಿನ ಡೋಸ್ ಬಿಡುವುದೋ ತಡ ಮಾಡುವುದೋ ಎಂದು ಫಿಸಿಷಿಯನ್ ಜೊತೆ ಮಾತಾಡಿ.

ನಾವು ಬರೆಯುವ ಔಷಧಿಯೇ ರಕ್ತ ಹರಿಸುವುದೂ ಉಂಟು. ಅಸಿಟ್ರೋಮ್ ತೆಗೆದುಕೊಳ್ಳುವವರಿಗೆ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಬರೆದರೆ ಐಎನ್‌ಆರ್ ಏರುತ್ತದೆ. ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ ಕೂಡ ಹಾಗೇ. ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಹಾಗೇ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ನೋವಿಗೆ ಬ್ರೂಫೆನ್, ಡೈಕ್ಲೊಫೆನಾಕ್ ಬೇಡ, ಪ್ಯಾರಸಿಟಮಾಲ್ ಸಾಕು.

ಹಿಮೋಫಿಲಿಯಾ ಇರುವವರನ್ನು ಫ್ಯಾಕ್ಟರ್ (ಅವರ ರಕ್ತದಲ್ಲಿ ಕೊರತೆಯಿರುವ ಹೆಪ್ಪುಗಟ್ಟಿಸುವ ಅಂಶ) ಕೊಡಿಸದೆ ಮುಟ್ಟಲೇಬಾರದು. ಅದಕ್ಕಿಂತ ಮುಖ್ಯ, ಕೆಳದವಡೆಗೆ ಬ್ಲಾಕ್ ಇಂಜೆಕ್ಷನ್ (ನರವನ್ನೇ ಮರಗಟ್ಟಿಸುವ ಆಳದ ಇಂಜೆಕ್ಷನ್) ಕೊಡಲೇಬಾರದು. ಸೂಜಿ ಹೋದ ಜಾಗದಲ್ಲಿ ಒಳಗೊಳಗೇ ರಕ್ತ ತುಂಬಿ ಗಂಟಲು ಒತ್ತಿ ಉಸಿರು ಕಟ್ಟಬಹುದು. ಜಿಲ್ಲಾಸ್ಪತ್ರೆಗೆ ಮೊದಲೇ ಫೋನ್ ಮಾಡಿ ಫ್ಯಾಕ್ಟರ್ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಮನೆಯವರಿಗೆ ಆ ದಾರಿ ತೋರಿಸಿ.

5. ಜ್ವರ ಇದ್ದರೆ ಕೈ ಹಾಕಬೇಡಿ

ಇದು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಊರಲ್ಲಿ ಹಾಗೆ ಮುಗಿಸಲು ಬರುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಗುರುತಿಸಿದ ಕಾಯಿಲೆ ಮಂಗನ ಕಾಯಿಲೆ. ಉಣುಗು ಕಚ್ಚಿ ಬರುತ್ತದೆ. ಮಳೆ ಹೋಗಿ ಕಾಡು ಒಣಗುವ ನವೆಂಬರ್, ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಜನ ಸೊಪ್ಪಿಗೆ, ದರಗಿಗೆ, ಸೌದೆಗೆ ಕಾಡಿಗೆ ಹೋಗುವುದೂ ಆಗಲೇ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ತಲೆ ಸಿಡಿತ, ಮೈಕೈ ನೋವು, ಕಣ್ಣು ಕೆಂಪು. ಆಮೇಲೆ ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ ಇಳಿದಿರುತ್ತದೆ.

ಅಂಥವರು ಒಸಡಿನ ರಕ್ತ ಎಂದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಬಂದರೆ ಆಶ್ಚರ್ಯವಿಲ್ಲ. ಜ್ವರ ಬಂದು ಎಷ್ಟು ದಿನ ಆಯಿತು, ಕಾಡಿಗೆ ಹೋಗಿದ್ದರಾ, ತೋಟದ ಹತ್ತಿರ ಮಂಗ ಸತ್ತಿದೆಯಾ ಎಂದು ಕೇಳಿ. ಕ್ಲೀನಿಂಗ್ ಇಲ್ಲ, ಕೀಳುವುದಿಲ್ಲ, ಬ್ರೂಫೆನ್, ಆಸ್ಪಿರಿನ್ ಇಲ್ಲ. ಕೈಗವಸು ಹಾಕಿಕೊಂಡು ನೋಡಿ, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೋ ಕಳಿಸಿ. ಜ್ವರ ಬಿಟ್ಟಿದೆ ಎಂದ ಕೂಡಲೇ ಕೀಳಲು ಹೊರಡಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ಪ್ಲೇಟ್‌ಲೆಟ್ ಸರಿಯಾದ ವರದಿ ಕೈಗೆ ಬರಲಿ.

ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದವರಲ್ಲಿ ಇಲಿ ಜ್ವರ. ಇವುಗಳಿಗೂ ಇದೇ ನಿಯಮ. ತೋಟದಲ್ಲಿ ಏನೋ ಕಚ್ಚಿತು ಎಂದವರಿಗೆ ಒಸಡಿನಲ್ಲಿ ರಕ್ತ ಬಂದರೆ ಕೊಳಕುಮಂಡಲ ಇರಬಹುದು, ಒಂದು ನಿಮಿಷವೂ ಕಾಯಬೇಡಿ. ಇಲಿ ಪಾಷಾಣದಲ್ಲಿ ಬಳಸುವ ಬ್ರೊಮಾಡಿಯೊಲೋನ್ ಹೊಟ್ಟೆಗೆ ಹೋದರೂ ಕೆಲವು ದಿನದ ಮೇಲೆ ಒಸಡಿನಿಂದ ರಕ್ತ ಬರುತ್ತದೆ.

6. ದಿನ, ಹೊತ್ತು, ದಾರಿ

ರಕ್ತದ ಅಪಾಯ ಇರುವವರಿಗೆ ಸೋಮವಾರ, ಮಂಗಳವಾರ ಬೆಳಿಗ್ಗೆ ಮೊದಲ ಹೊತ್ತು. ಸಂಜೆ ರಕ್ತ ಬಂದರೂ ನೀವು ಸಿಗುತ್ತೀರಿ, ಎರಡು ದಿನದಲ್ಲಿ ತೊಂದರೆಯಾದರೂ ಭಾನುವಾರ ಅಡ್ಡ ಬರುವುದಿಲ್ಲ. ಶನಿವಾರ ಸಂಜೆ ಕೀಳಿಸಿಕೊಳ್ಳಲು ಎಷ್ಟೇ ಒತ್ತಾಯ ಮಾಡಲಿ, ಒಪ್ಪಬೇಡಿ. ಮನೆಗೆ ಹೋಗುವ ದಾರಿ ಎಷ್ಟು ಹೊತ್ತು, ರಾತ್ರಿ ಗಾಡಿ ಸಿಗುತ್ತದಾ, ಜೊತೆಗೆ ಯಾರಿದ್ದಾರೆ ಎಂದು ಕೇಳಿ ಫೈಲಿನಲ್ಲಿ ಬರೆಯಿರಿ. ಘಟ್ಟದ ಅಂಚಿನ ಊರಿನವರಾದರೆ ಆ ರಾತ್ರಿ ಪೇಟೆಯ ನೆಂಟರ ಮನೆಯಲ್ಲಿ ಉಳಿಯಲು ಹೇಳುವುದೂ ಚಿಕಿತ್ಸೆಯೇ. ಒಂದೇ ಸಲ ಮೂರಕ್ಕಿಂತ ಜಾಸ್ತಿ ಹಲ್ಲು ಬೇಡ. ಮೊದಲು ಒಂದೇ ಹಲ್ಲು ಕಿತ್ತು ನೋಡಿದರೆ ಇನ್ನೂ ಒಳ್ಳೆಯದು.

7. ಕೀಳುವಾಗ

ಒಸಡು ಹರಿಯದಂತೆ, ಎಲುಬು ಒಡೆಯದಂತೆ ನಿಧಾನ ಕೀಳಿ. ಗುಳಿಯೊಳಗಿನ ಊತದ ಮಾಂಸವನ್ನು ಕ್ಯೂರೆಟ್‌ನಿಂದ ಪೂರ್ತಿ ತೆಗೆಯಿರಿ. ಅದನ್ನು ಉಳಿಸಿದರೆ ಅದೇ ಸುರಿಯುತ್ತಿರುತ್ತದೆ. ಗುಳಿಯ ಎರಡೂ ಗೋಡೆಗಳನ್ನು ಬೆರಳಲ್ಲಿ ಒತ್ತಿ. ಅಪಾಯ ಇರುವವರಿಗೆ ರಕ್ತ ಬರಲಿ ಬಿಡಲಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಸರ್ಜಿಸೆಲ್ ಬಟ್ಟೆ ಅಥವಾ ಜೆಲಾಟಿನ್ ಸ್ಪಂಜ್ ಇಟ್ಟು 3-0 ದಾರದಲ್ಲಿ ಎಂಟರ ಆಕಾರದ ಹೊಲಿಗೆ ಹಾಕಿ. ಕೆಳದವಡೆಯ ಬುದ್ಧಿಹಲ್ಲು ಕಿತ್ತಾಗ ನರ ತೆರೆದು ಕಾಣುತ್ತಿದ್ದರೆ ಸರ್ಜಿಸೆಲ್ ಬೇಡ, ಅದು ಆಮ್ಲೀಯ, ನರಕ್ಕೆ ತೊಂದರೆ ಕೊಡಬಹುದು. ಆಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿ.

8. ಆದರೂ ನಿಲ್ಲದಿದ್ದರೆ

ಪೇಷೆಂಟನ್ನು ಮಲಗಿಸಬೇಡಿ, ಕೂರಿಸಿ. ಒಳ್ಳೆಯ ಬೆಳಕು, ಸಕ್ಷನ್ (ರಕ್ತ ಹೀರುವ ಯಂತ್ರ) ಬೇಕು. ಕರೆಂಟ್ ಹೋದರೆ ಸಕ್ಷನ್ನೂ ಹೋಗುತ್ತದೆ, ಯುಪಿಎಸ್ ಇಲ್ಲದಿದ್ದರೆ ದೊಡ್ಡ ಸಿರಿಂಜ್, ಹೆಡ್‌ಲೈಟ್ ತಯಾರಿರಲಿ.

ಬಾಯಲ್ಲಿ ತುಂಬಿರುವ ಲಿವರ್ ಕ್ಲಾಟನ್ನು (ಲಿವರಿನಂತೆ ಕಾಣುವ ಮೆತ್ತನೆಯ ಹೆಪ್ಪನ್ನು) ಮೊದಲು ತೆಗೆಯಿರಿ. ಅದು ರಕ್ತ ನಿಲ್ಲಿಸುವುದಿಲ್ಲ, ಅದರ ಕೆಳಗಿಂದ ಸೋರುತ್ತಿರುತ್ತದೆ. ಗಾಜ್‌ (ಬ್ಯಾಂಡೇಜ್ ಬಟ್ಟೆ) ಅನ್ನು ಗುಳಿಗಿಂತ ಸ್ವಲ್ಪ ದೊಡ್ಡದಾಗಿ ಮಡಿಸಿ, ಗುಳಿಯ ಮೇಲೇ ಇಟ್ಟು ಕಚ್ಚಿಸಿ. ಹಲ್ಲುಗಳ ಮೇಲೆ ಕೂತ ಗಾಜ್ ಏನೂ ಮಾಡುವುದಿಲ್ಲ. ಎದುರು ಹಲ್ಲು ಇಲ್ಲದವರಿಗೆ ನಿಮ್ಮ ಬೆರಳೇ ಒತ್ತಬೇಕು. ಗೋಡೆ ಗಡಿಯಾರ ನೋಡಿ ಹತ್ತು ನಿಮಿಷ. ನಡುವೆ ಎತ್ತಿ ನೋಡುವ ಚಪಲ ಎಲ್ಲರಿಗೂ ಇದೆ. ಗದ್ದೆಯ ಅಂಚು ಒಡೆದ ಕಡೆ ಮಣ್ಣು ಮೆತ್ತಿ ಕೂಡಲೇ ಕೈ ತೆಗೆದರೆ ನೀರಿನ ಜೊತೆ ಮಣ್ಣೂ ಹೋಗುವುದಿಲ್ಲವಾ, ಇಲ್ಲೂ ಹಾಗೇ. ಪ್ರತಿ ಸಲ ಎತ್ತಿದಾಗಲೂ ಕಟ್ಟುತ್ತಿದ್ದ ಹೆಪ್ಪು ಗಾಜ್ ಜೊತೆ ಕಿತ್ತು ಬರುತ್ತದೆ.

ಹತ್ತು ನಿಮಿಷದ ಮೇಲೂ ಬಂದರೆ ಎಲ್ಲಿಂದ ಎಂದು ಹುಡುಕಿ. ಗುಳಿಯ ಎರಡು ಬದಿಯ ಒಸಡನ್ನು ಬೆರಳಲ್ಲಿ ಚಿವುಟಿ ಹಿಡಿಯಿರಿ. ನಿಂತರೆ ಒಸಡಿನಿಂದ ಬರುತ್ತಿದೆ, ಬಿಗಿ ಹೊಲಿಗೆ ಸಾಕು. ನಿಲ್ಲದಿದ್ದರೆ ಎಲುಬಿನಿಂದ. ಆಗ ಆ ಬಿಂದುವನ್ನು ಉಪಕರಣದ ಹಿಂಬದಿಯಿಂದ ಒತ್ತಿ ಜಜ್ಜಿ, ಇಲ್ಲವೇ ಬೋನ್ ವ್ಯಾಕ್ಸ್ (ಎಲುಬಿಗೆ ಮೆತ್ತುವ ಮೇಣ) ಸ್ವಲ್ಪವೇ ತುಂಬಿ. ಅಡ್ರಿನಲಿನ್ ಇರುವ ಇಂಜೆಕ್ಷನ್ ಕೊಟ್ಟರೆ ಒಮ್ಮೆ ಶಾಂತವಾಗಿ ಕೆಲಸ ಮಾಡಲು ಬರುತ್ತದೆ. ಅದನ್ನೇ ನಂಬಿ ಮನೆಗೆ ಕಳಿಸಬೇಡಿ. ಪ್ರಭಾವ ಇಳಿದ ಮೇಲೆ ಮತ್ತೆ ಬರುತ್ತದೆ, ಅದೂ ಅವರು ಬಸ್ಸಲ್ಲಿರುವಾಗ.

ಆಮೇಲೆ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ಲೋಕಕ್ಕೆ ಕೊಟ್ಟ ಔಷಧಿ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗಾಗಿ ಹುಡುಕಿದ್ದು, ನಮ್ಮ ಕೆಲಸಕ್ಕೂ ಒದಗಿಬಂತು. ಹೆಪ್ಪು ಕರಗದಂತೆ ಕಾಯುವುದು ಇದರ ಕೆಲಸ. 500 ಮಿಲಿಗ್ರಾಂ ಇರುವ 5 ಮಿಲಿ ಆಂಪೂಲಿನಲ್ಲಿ ಗಾಜ್ ನೆನೆಸಿ ಕಚ್ಚಿಸಿ. ಬಾಯಿ ಮುಕ್ಕಳಿಸಲು ಅದೇ ಆಂಪೂಲನ್ನು ನೀರು ಸೇರಿಸಿ 10 ಮಿಲಿ ಮಾಡಿದರೆ 5 ಪರ್ಸೆಂಟ್ ದ್ರಾವಣ ಸಿದ್ಧ. 500ರ ಮಾತ್ರೆ ಪುಡಿ ಮಾಡಿ 10 ಮಿಲಿ ನೀರಿಗೆ ಹಾಕಿದರೂ ಆದೀತು. ಎರಡು ನಿಮಿಷ ಬಾಯಲ್ಲಿಟ್ಟುಕೊಂಡು, ಜೋರಾಗಿ ಮುಕ್ಕಳಿಸದೆ ಹೊರಬಿಡಬೇಕು. ದಿನಕ್ಕೆ ನಾಲ್ಕು ಸಲ, ಐದು ದಿನ. ಅಸಿಟ್ರೋಮ್‌ನವರಿಗೆ ಇದು ಬಹಳ ಅನುಕೂಲ. ಹೊಟ್ಟೆಗೆ ಕೊಡುವುದಾದರೆ ಹಿಂದೆ ರಕ್ತ ಹೆಪ್ಪುಗಟ್ಟಿದ ಕಾಯಿಲೆ, ಫಿಟ್ಸ್, ಕಿಡ್ನಿ ತೊಂದರೆ ಇದೆಯಾ ನೋಡಿಕೊಳ್ಳಿ.

ಎಲ್ಲ ಮಾಡಿ ಮುಕ್ಕಾಲು ಗಂಟೆಯಾದರೂ ನಿಲ್ಲದಿದ್ದರೆ ಹಟ ಬೇಡ. ನಾಡಿ ನೂರು ದಾಟಿದರೆ, ಬಿಪಿ ಮೇಲಿನ ಅಂಕಿ ನೂರಕ್ಕಿಂತ ಇಳಿದರೆ, ಬೆವರಿ ತಲೆ ಸುತ್ತಿದರೆ, ನಾಲಿಗೆ ಅಡಿ ಊದಿ ನಾಲಿಗೆ ಮೇಲೆದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅಷ್ಟು ಹೊತ್ತೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಪ್ಯಾಕ್ ಕಚ್ಚಿಸಿಕೊಂಡೇ, ಮುಂದೆ ಬಾಗಿ ಕೂರಿಸಿ ಕಳಿಸಿ. ಚೀಟಿಯಲ್ಲಿ ಯಾವ ಹಲ್ಲು, ಎಷ್ಟು ಗಂಟೆಗೆ ಕಿತ್ತದ್ದು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೊನೆ ಡೋಸ್ ಯಾವಾಗ, ನೀವು ಏನೇನು ಮಾಡಿದಿರಿ ಎಂದು ಬರೆಯಿರಿ. ಮಾತ್ರೆ ಕವರನ್ನೂ ಜೊತೆಗೆ ಕೊಡಿ.

ಮನೆಯವರಿಗೆ ಓದಿ ಹೇಳುವುದು

ಬಟ್ಟೆ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಮಾತು ಬೇಡ. ಎಂಜಲು ನುಂಗಿ, ಉಗುಳಬೇಡಿ. ಒಂದು ದಿನ ಪೂರ್ತಿ ಬಾಯಿ ಮುಕ್ಕಳಿಸಬೇಡಿ, ಡಾಕ್ಟರೇ ಮುಕ್ಕಳಿಸುವ ಔಷಧಿ ಕೊಟ್ಟಿದ್ದರೆ ಅವರು ಹೇಳಿದ ಹಾಗೆ ಮಾಡಿ. ಕವಳ, ಬೀಡಿ, ಗುಟ್ಕಾ ಬೇಡವೇ ಬೇಡ. ಬಿಸಿ ಕಾಫಿ, ಕಷಾಯದ ಬದಲು ತಣ್ಣಗಿನ ಗಂಜಿ, ಮೊಸರನ್ನ. ಹಂಡೆಯ ಸುಡುನೀರು ತಲೆ ಮೇಲೆ ಹೊಯ್ದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ಅವತ್ತೊಂದು ದಿನ ಬಿಡಿ. ಬಿಸಿಗೆ ರಕ್ತನಾಳ ಬಿಚ್ಚಿಕೊಳ್ಳುತ್ತದೆ. ಅಡಿಕೆ ಬೇಯಿಸುವ ಒಲೆ ಮುಂದೆ ಕೂರುವುದು, ಮೂಟೆ ಹೊರುವುದು ಬೇಡ. ಎರಡು ದಿಂಬು ಹಾಕಿ ತಲೆ ಎತ್ತರ ಇಟ್ಟು ಮಲಗಿ. ದಿಂಬಿನ ಮೇಲೆ ಹಳೆ ಟವೆಲ್ ಹಾಕಿ, ಬೆಳಿಗ್ಗೆ ಸ್ವಲ್ಪ ಕೆಂಪು ಕಂಡರೆ ಹೆದರಬೇಡಿ.

ಮತ್ತೆ ರಕ್ತ ಬಂದರೆ ತೊಳೆಯಬೇಡಿ. ಶುದ್ಧವಾದ ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಸುತ್ತಿ ಆ ಗುಳಿಯ ಮೇಲೆ ಇಟ್ಟು ಅರ್ಧ ಗಂಟೆ ಕಚ್ಚಿ. ನಡುವೆ ತೆಗೆದು ನೋಡಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ, ನಶ್ಯ ಯಾವುದನ್ನೂ ತುಂಬಬೇಡಿ. ಎರಡು ಸಲ ಹೀಗೆ ಮಾಡಿಯೂ ನಿಲ್ಲದಿದ್ದರೆ ರಾತ್ರಿಯಾದರೂ ಫೋನ್ ಮಾಡಿ, ಹೊರಡಿ.

ವಾರ ಕಳೆದ ಮೇಲೆ ಬರುವ ರಕ್ತ

ಏಳರಿಂದ ಹತ್ತನೇ ದಿನದಲ್ಲಿ ವಾಸನೆ, ನೋವಿನ ಜೊತೆ ರಕ್ತ ಬಂದರೆ ಸೋಂಕಿನಿಂದ ಹೆಪ್ಪು ಕರಗಿದೆ. ಬರೀ ಹೊಲಿಗೆ ಹಾಕಿದರೆ ನಿಲ್ಲುವುದಿಲ್ಲ. ಮರಗಟ್ಟಿಸಿ, ಸಲೈನಿನಲ್ಲಿ ತೊಳೆದು, ಉಳಿದ ಎಲುಬಿನ ಚೂರು, ಅಡಿಕೆ ಚೂರು ತೆಗೆದು, ಪ್ಯಾಕ್ ಇಟ್ಟು, ಆಮೇಲೆ ಆಂಟಿಬಯೋಟಿಕ್. ಅಸಿಟ್ರೋಮ್‌ನವರಾದರೆ ಅವತ್ತೇ ಐಎನ್‌ಆರ್ ಮತ್ತೊಮ್ಮೆ ಮಾಡಿಸಿ. ಹಿಂದಿನ ವಾರ ನೀವೋ ಬೇರೆಯವರೋ ಮೆಟ್ರೊನಿಡಜೋಲ್ ಬರೆದಿದ್ದರೆ ಕಾರಣ ಅಲ್ಲೇ ಸಿಗಬಹುದು.